ಅರಮನೆಯ ಜಮಾ-ಖರ್ಚು



ಕೊರಿಯಾ ಎಂದ ಕೂಡಲೇ ನಮ್ಮ ಕ್ಲಾಸಿನಲ್ಲಿ ಅರ್ಧ ಜನರಿಗೆ ಧಾರಾವಾಹಿಗಳು ನೆನಪಾಗುತ್ತವೆ, ಇನ್ನರ್ಧ ಜನರಿಗೆ ಮೊಬೈಲ್ ಫೋನ್. ಕಳೆದ ಬೇಸಿಗೆ ರಜೆಯವರೆಗೆ ನನಗೂ ಅಷ್ಟೇ ಗೊತ್ತಿತ್ತು. ಆ ರಜೆಯಲ್ಲಿ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದಲ್ಲಿರುವ ಗ್ಯೊಂಗ್‌ಬೊಕ್‌ಗುಂಗ್ ಎಂಬ ಅರಮನೆಯನ್ನು ನೋಡುವ ಅವಕಾಶ ಸಿಕ್ಕಿತು. ಅದರ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಕನ್ನಡ ಮೇಡಂ, "ನೋಡಿದ್ದನ್ನೆಲ್ಲ ಪಟ್ಟಿ ಮಾಡಬೇಡ, ನಿನಗೆ ಏನನ್ನಿಸಿತೋ ಅದನ್ನು ಬರೆ" ಎಂದರು. ನಾನು ಕಾಮರ್ಸ್ ವಿದ್ಯಾರ್ಥಿನಿ. ನನಗೆ ಅನ್ನಿಸಿದ್ದೆಲ್ಲ ಜಮಾ-ಖರ್ಚಿನ ರೂಪದಲ್ಲೇ ಅನ್ನಿಸಿತು. ಹಾಗಾಗಿ ಹಾಗೆಯೇ ಬರೆಯುತ್ತಿದ್ದೇನೆ.

ಮೊದಲು ನಾವು ಅಲ್ಲಿಗೆ ಹೋದ ಕಾರಣ. ನನ್ನ ಭಾಯಿಜಾನ್ ಸೋಲ್ ಪಕ್ಕದ ಸುವನ್ ನಗರದಲ್ಲಿ ಎಂಜಿನಿಯರ್. ಭಾಭಿಯ ಬಾಣಂತನಕ್ಕೆ ಅಮ್ಮಿ ಹೋಗಬೇಕಾಗಿ ಬಂತು. ಅಮ್ಮಿ ವಿಜಯಪುರ ಬಿಟ್ಟು ದೂರ ಹೋದವರಲ್ಲ. ಅವರು ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿದ್ದಾರೆ. ಕುರ್‌ಆನ್ ಓದುತ್ತಾರೆ, ಉರ್ದು ಪತ್ರಿಕೆಯನ್ನು ನಿಧಾನವಾಗಿ ಓದುತ್ತಾರೆ. ಆದರೆ ಕನ್ನಡ, ಇಂಗ್ಲಿಷ್ ಅಕ್ಷರಗಳು ಬರುವುದಿಲ್ಲ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಕೂಡ ಯಾರನ್ನಾದರೂ ಕೇಳಿಯೇ ಬಸ್ ಹತ್ತುವ ಅವರನ್ನು ಅಷ್ಟು ದೊಡ್ಡ ವಿಮಾನ ನಿಲ್ದಾಣಗಳ ಮೂಲಕ ಒಬ್ಬರನ್ನೇ ಕಳಿಸಲು ಅಬ್ಬಾಗೆ ಧೈರ್ಯ ಬರಲಿಲ್ಲ. ಬೋರ್ಡ್ ಓದುವ ಕೆಲಸಕ್ಕೆ ನನ್ನನ್ನು ಜೊತೆಗೆ ಕಳಿಸಿದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಸುವನ್‌ನಲ್ಲಿ ಭಾಭಿಯ ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಕೊರಿಯನ್ ಅಕ್ಷರಗಳು. ಉಪ್ಪು ಯಾವುದು, ಸಕ್ಕರೆ ಯಾವುದು ಎಂದು ದಿನಾ ಕೇಳಬೇಕಾಗುತ್ತದಲ್ಲ ಎಂದು ಅಮ್ಮಿಯೇ ಬೇಸರಪಟ್ಟುಕೊಂಡು, "ಇವನ್ನು ಓದುವುದು ಹೇಗೆ, ಹೇಳು" ಎಂದು ಭಾಭಿಯನ್ನು ಕೇಳಿದರು. ಮಗು ಮಲಗಿದ ಹೊತ್ತಿನಲ್ಲಿ ಭಾಭಿ ಒಂದೊಂದೇ ಅಕ್ಷರ ಹೇಳಿಕೊಟ್ಟರು. ಎರಡು ವಾರಗಳಲ್ಲಿ ಅಮ್ಮಿ ಡಬ್ಬಿಗಳ ಹೆಸರನ್ನು ಕೂಡಿಸಿ ಕೂಡಿಸಿ ಓದತೊಡಗಿದರು. ಅರ್ಥ ಗೊತ್ತಿಲ್ಲ, ಆದರೆ ಓದು ಬಂತು!

ಐದನೇ ವಾರದ ಶನಿವಾರ ಭಾಯಿಜಾನ್ ನಮ್ಮಿಬ್ಬರನ್ನು ಸೋಲ್‌ಗೆ ಕರೆದುಕೊಂಡು ಹೋದರು. ಸುವನ್‌ನಿಂದ ಮೆಟ್ರೊ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನಡುವೆ ಒಂದು ಕಡೆ ರೈಲು ಬದಲಿಸಬೇಕು. ಇಳಿಯುವ ನಿಲ್ದಾಣ ಬಂದಾಗ ಗೋಡೆಯ ಮೇಲಿನ ಮೂರು ಅಕ್ಷರಗಳನ್ನು ನೋಡಿ ಅಮ್ಮಿ, "ಗ್ಯೊಂಗ್... ಬೊಕ್... ಗುಂಗ್" ಎಂದು ಗಟ್ಟಿಯಾಗಿ ಓದಿದರು. ಪಕ್ಕದಲ್ಲಿ ನಿಂತಿದ್ದ ಒಬ್ಬ ಅಜ್ಜಿ ಸಂತೋಷದಿಂದ ತಲೆ ಬಾಗಿಸಿದರು. ಅಮ್ಮಿ "ಸಲಾಂ" ಎಂದರು.

ಅರಮನೆಯ ಮುಖ್ಯ ಬಾಗಿಲಿನ ಹೆಸರು ಗ್ವಾಂಗ್‌ಹ್ವಾಮುನ್. ಕಲ್ಲಿನ ದೊಡ್ಡ ಬುನಾದಿಯಲ್ಲಿ ಮೂರು ಕಮಾನುಗಳು, ಅದರ ಮೇಲೆ ಮರದ ಎರಡು ಅಂತಸ್ತು. ನಡುವೆ ಕಪ್ಪು ಹಲಗೆಯ ಮೇಲೆ ಬಂಗಾರದ ಬಣ್ಣದ ಅಕ್ಷರಗಳು. ಅಮ್ಮಿ ಕುತ್ತಿಗೆ ಎತ್ತಿ ಬಹಳ ಹೊತ್ತು ನೋಡಿ, "ಇದು ಆ ಅಕ್ಷರ ಅಲ್ಲ ಬೇಟಾ" ಎಂದರು. ನಿಜ. ಅದು ಚೀನೀ ಲಿಪಿ. ಹಳೆಯ ಫಲಕ ಹೇಗಿತ್ತೋ ಹಾಗೆಯೇ ಇರಲಿ ಎಂದು 2023ರಲ್ಲಿ ಈ ಹೊಸ ಫಲಕ ಹಾಕಿದ್ದಾರಂತೆ. ಕೊರಿಯಾದ ಸ್ವಂತ ಲಿಪಿ ಹುಟ್ಟಿದ ಅರಮನೆಯ ಬಾಗಿಲಿಗೇ ಆ ಲಿಪಿ ಇಲ್ಲವಲ್ಲ ಎಂದು ಅಲ್ಲಿನ ಜನರಲ್ಲೇ ಇಂದಿಗೂ ಚರ್ಚೆ ನಡೆಯುತ್ತದೆ ಎಂದು ಭಾಯಿಜಾನ್ ಹೇಳಿದರು.

ಈಗ ಖರ್ಚಿನ ಮೊದಲ ಬಾಬ್ತು. ದೊಡ್ಡವರ ಟಿಕೆಟ್ 3,000 ವೋನ್, ಅಂದರೆ ನಮ್ಮ ಇನ್ನೂರು ರೂಪಾಯಿಯ ಆಸುಪಾಸು. ಆದರೆ ಕೊರಿಯಾದ ಸಾಂಪ್ರದಾಯಿಕ ಉಡುಪು ಹಾನ್‌ಬೊಕ್ ಹಾಕಿಕೊಂಡು ಬಂದವರಿಗೆ ಪ್ರವೇಶ ಉಚಿತ. ಸುತ್ತಲಿನ ಗಲ್ಲಿಗಳ ತುಂಬ ಹಾನ್‌ಬೊಕ್ ಬಾಡಿಗೆ ಕೊಡುವ ಅಂಗಡಿಗಳೇ. ನಾನು ಆಸೆಪಟ್ಟು ತಿಳಿಗುಲಾಬಿ ಬಣ್ಣದ್ದೊಂದನ್ನು ಬಾಡಿಗೆಗೆ ತೆಗೆದುಕೊಂಡೆ. ಬಾಡಿಗೆ ಟಿಕೆಟ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ರಾತ್ರಿ ಫೋನಿನಲ್ಲಿ ಅಬ್ಬಾ, "ಟಿಕೆಟ್ ಉಳಿಸಲು ಇಷ್ಟು ಖರ್ಚು ಮಾಡುವುದನ್ನೇ ನಿಮಗೆ ಕಾಮರ್ಸ್‌ನಲ್ಲಿ ಕಲಿಸುತ್ತಾರಾ?" ಎಂದು ನಕ್ಕರು. ಅಂಗಡಿಯಾಕೆ ನನ್ನ ಹಿಜಾಬ್ ನೋಡಿ ಏನೂ ಕೇಳಲಿಲ್ಲ. ಲಂಗದ ಬಣ್ಣಕ್ಕೆ ಅದು ಹೊಂದುತ್ತದೆಯೇ ಎಂದು ಮಾತ್ರ ನೋಡಿ, ಸೂಜಿಯಿಂದ ಒಂದು ಚಿಕ್ಕ ಹೂವನ್ನು ಅದಕ್ಕೆ ಸಿಕ್ಕಿಸಿದರು. ಒಳಗೆ ಹೋದರೆ ನನ್ನ ಹಾಗೆಯೇ ಹಾನ್‌ಬೊಕ್ ಮೇಲೆ ಹಿಜಾಬ್ ಕಟ್ಟಿದ್ದ ಹುಡುಗಿಯರು ಇನ್ನೂ ಇದ್ದರು. ಅವರಲ್ಲಿ ಇಬ್ಬರು ಮಲೇಷ್ಯಾದವರು. "ಅಸ್ಸಲಾಮು ಅಲೈಕುಂ" ಎಂದು ತಾವೇ ಮಾತಾಡಿಸಿ ನಮ್ಮ ಫೋಟೊ ತೆಗೆದುಕೊಟ್ಟರು.

ಬೆಳಗಿನ ಹತ್ತು ಗಂಟೆಗೆ ಕಾವಲುಗಾರರು ಬದಲಾಗುವ ಪ್ರದರ್ಶನ ನಡೆಯುತ್ತದೆ. ದೊಡ್ಡ ನಗಾರಿ, ಬಣ್ಣದ ಬಾವುಟ, ಅಂಟಿಸಿದ ಗಡ್ಡದ ಸೈನಿಕರು. ಅದನ್ನು ನೋಡಿಕೊಂಡು ನಾವು ಸಿಂಹಾಸನದ ಸಭಾಂಗಣ ಗುನ್‌ಜೊಂಗ್‌ಜೊನ್ ಮುಂದಿನ ಅಂಗಳಕ್ಕೆ ಬಂದೆವು. ನೆಲಕ್ಕೆ ಹಾಸಿದ ಕಲ್ಲುಗಳು ನುಣುಪಾಗಿಲ್ಲ, ಒರಟಾಗಿವೆ. ಬಿಸಿಲು ಕಣ್ಣಿಗೆ ಹೊಡೆಯಬಾರದು, ಕಾಲು ಜಾರಬಾರದು ಎಂದು ಹಾಗೆ. ದಾರಿಯ ಎರಡೂ ಬದಿಯಲ್ಲಿ ಸಾಲಾಗಿ ಚಿಕ್ಕ ಕಲ್ಲುಕಂಬಗಳಿವೆ. ಯಾವ ದರ್ಜೆಯ ಅಧಿಕಾರಿ ಎಲ್ಲಿ ನಿಲ್ಲಬೇಕು ಎಂದು ಅವು ಹೇಳುತ್ತವೆ. ಪೂರ್ವಕ್ಕೆ ಆಡಳಿತದವರು, ಪಶ್ಚಿಮಕ್ಕೆ ಸೇನೆಯವರು. ಒಟ್ಟು ಒಂಬತ್ತು ದರ್ಜೆ. ಒಳಗೆ ಸಿಂಹಾಸನದ ಹಿಂದೆ ಸೂರ್ಯ, ಚಂದ್ರ ಮತ್ತು ಐದು ಶಿಖರಗಳ ಚಿತ್ರ. ಅಮ್ಮಿ ಎಲ್ಲವನ್ನೂ ಕೇಳಿ, "ಹೆಂಗಸರ ಕಲ್ಲು ಎಲ್ಲಿದೆ?" ಎಂದರು. ಭಾಯಿಜಾನ್ ನಕ್ಕು ಸುಮ್ಮನಾದರು. ಅಲ್ಲಿ ಹೆಂಗಸರ ಕಲ್ಲು ಇಲ್ಲ.

ಮುಸ್ಲಿಮರ ಕಥೆಯೊಂದು ಮಾತ್ರ ಇದೆ. ನಾವು ಯಾರೂ ಕೇಳಿರದ ಕಥೆ ಇದು. ಮಂಗೋಲರ ಕಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬಂದ ಮುಸ್ಲಿಮರು ಕೊರಿಯಾದಲ್ಲಿ ನೆಲೆಸಿದ್ದರು. ಜೋಸನ್ ರಾಜವಂಶದ ಮೊದಲ ದಶಕಗಳಲ್ಲಿ ಅವರ ಹಿರಿಯರು ತಮ್ಮದೇ ಉಡುಪಿನಲ್ಲಿ ಆಸ್ಥಾನದ ಸಮಾರಂಭಗಳಿಗೆ ಬಂದು, ತಮ್ಮ ರೀತಿಯಲ್ಲಿ ರಾಜನಿಗೆ ಶುಭ ಕೋರುತ್ತಿದ್ದರು ಎಂದು ಆ ರಾಜವಂಶದ ದಾಖಲೆಗಳಲ್ಲಿದೆ. 1427ರಲ್ಲಿ ಆಚರಣೆಗಳ ಇಲಾಖೆ ರಾಜನ ಮುಂದೆ ಒಂದು ವಿಷಯ ಇಟ್ಟಿತು: ಇವರ ಉಡುಪು ಬೇರೆ, ಹಾಗಾಗಿ ನಮ್ಮ ಜನ ಇವರೊಂದಿಗೆ ಮದುವೆ ಸಂಬಂಧಕ್ಕೆ ನಾಚುತ್ತಾರೆ, ಈಗ ಇವರು ನಮ್ಮ ಪ್ರಜೆಗಳಾದ್ದರಿಂದ ನಮ್ಮ ಉಡುಪನ್ನೇ ತೊಡಲಿ, ಸಮಾರಂಭದಲ್ಲಿ ಇವರ ಆಚರಣೆಯೂ ನಿಲ್ಲಲಿ. ರಾಜ ಒಪ್ಪಿದ. ಕಾಲ ಕಳೆದಂತೆ ಆ ಸಮುದಾಯವು ಉಳಿದವರಲ್ಲಿ ಬೆರೆತು ಕಾಣದಂತಾಯಿತು.

ಆ ಒರಟು ಕಲ್ಲುಗಳ ಮೇಲೆ ಹಾನ್‌ಬೊಕ್ ಮತ್ತು ಹಿಜಾಬ್ ಎರಡನ್ನೂ ಹಾಕಿಕೊಂಡು ನಿಂತು ಈ ಕಥೆ ಕೇಳಿದಾಗ ನನಗೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆರು ನೂರು ವರ್ಷಗಳ ಹಿಂದೆ ಒಂದನ್ನು ತೊಡಲು ಇನ್ನೊಂದನ್ನು ಬಿಡಿ ಎಂದಿದ್ದರು. ನಾನು ಎರಡನ್ನೂ ತೊಟ್ಟಿದ್ದೆ, ಯಾರೂ ಏನೂ ಅನ್ನಲಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೋ ಎಂಬ ಮಾತು ಕೇಳಿದವರಿಗೆ ಆ ಅರ್ಧ ಗಂಟೆಯ ನೆಮ್ಮದಿ ಏನೆಂದು ನಾನು ವಿವರಿಸಬೇಕಾಗಿಲ್ಲ.

ಈಗ ದೊಡ್ಡ ಖರ್ಚಿಗೆ ಬರೋಣ. ಈ ಅರಮನೆಯನ್ನು ಮೊದಲು ಕಟ್ಟಿದ್ದು 1395ರಲ್ಲಿ, ಜೋಸನ್ ವಂಶದ ಮೊದಲ ರಾಜ ತೇಜೊ. 1592ರಲ್ಲಿ ಜಪಾನಿನ ಆಕ್ರಮಣದ ಸಮಯದಲ್ಲಿ ಅದು ಸುಟ್ಟುಹೋಯಿತು. ಆಗ ನಮ್ಮ ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹ್ ಆಳುತ್ತಿದ್ದ. ನಮ್ಮ ಗಗನ್ ಮಹಲ್‌ನ ಮರದ ಭಾಗಗಳೆಲ್ಲ ಹೋಗಿ ಕಲ್ಲಿನ ಕಮಾನುಗಳು ಇಂದಿಗೂ ನಿಂತಿವೆಯಲ್ಲ, ಇಲ್ಲಿ ಹಾಗಲ್ಲ. ಪೂರ್ತಿ ಮರದ ಕಟ್ಟಡಗಳು. ಸುಟ್ಟರೆ ಉಳಿಯುವುದು ಬುನಾದಿ ಮಾತ್ರ. ಸುಮಾರು 270 ವರ್ಷ ಆ ಜಾಗ ಪಾಳು ಬಿದ್ದಿತ್ತು.

1863ರಲ್ಲಿ ಗೊಜೊಂಗ್ ಎಂಬ ಹುಡುಗ ರಾಜನಾದ. ಆಡಳಿತ ನಡೆಸಿದ್ದು ಅವನ ತಂದೆ ದೇವೊನ್‌ಗುನ್. ರಾಜವಂಶದ ಮರ್ಯಾದೆ ಮತ್ತೆ ಎತ್ತಿ ಹಿಡಿಯಬೇಕೆಂದು ಅವನು 1865ರಲ್ಲಿ ಅರಮನೆಯನ್ನು ಮತ್ತೆ ಕಟ್ಟಿಸಲು ತೊಡಗಿದ. ಖಜಾನೆಯಲ್ಲಿ ಹಣವಿಲ್ಲ. ಮೊದಲು ಜನರಿಂದ ವಂತಿಗೆ ಎತ್ತಿದರು. ಅದರ ಹೆಸರು ವೊನ್‌ನಾಪ್‌ಜೊನ್, ಅಂದರೆ ಇಷ್ಟಪಟ್ಟು ಕೊಡುವ ಹಣ. ಕೊರಿಯನ್ ಭಾಷೆಯಲ್ಲಿ ಇದೇ ಉಚ್ಚಾರಣೆಗೆ ಶಪಿಸುತ್ತಾ ಕೊಡುವ ಹಣ ಎಂಬ ಅರ್ಥವೂ ಬರುತ್ತದೆಯಂತೆ. ಜನ ಎರಡನೇ ಅರ್ಥದಲ್ಲೇ ಹೇಳುತ್ತಿದ್ದರು! ನಗರದ ಬಾಗಿಲು ದಾಟುವವರಿಗೂ ಸುಂಕ ಹಾಕಿದರು. 1866ರಲ್ಲಿ ಕೆಲಸದ ಜಾಗದಲ್ಲಿ ಬೆಂಕಿ ಬಿದ್ದು ಕೂಡಿಟ್ಟಿದ್ದ ಮರವೆಲ್ಲ ಸುಟ್ಟಿತು. ಆಮೇಲೆ ಮನೆತನಗಳ ಹಿರಿಯರ ಸಮಾಧಿಗಳ ಸುತ್ತ ಬೆಳೆಸಿದ್ದ ಮರಗಳನ್ನೂ ಕಡಿದು ತಂದರು.

ಅದೂ ಸಾಲದಾದಾಗ ಅದೇ ವರ್ಷ ಹೊಸ ನಾಣ್ಯ ಟಂಕಿಸಿದರು. ಹೆಸರು ದಾಂಗ್‌ಬೆಕ್‌ಜೊನ್. ಒಂದು ಹೊಸ ನಾಣ್ಯ ನೂರು ಹಳೆಯ ನಾಣ್ಯಗಳಿಗೆ ಸಮ ಎಂದು ಸರ್ಕಾರ ಸಾರಿತು. ಆದರೆ ಅದರಲ್ಲಿದ್ದ ಲೋಹದ ಬೆಲೆ ಹಳೆಯ ಐದಾರು ನಾಣ್ಯಗಳಷ್ಟೇ. ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಗ್ರೆಶಮ್ ನಿಯಮ ಓದಿದವರಿಗೆ ಮುಂದಿನ ಕಥೆ ಹೇಳಬೇಕಾಗಿಲ್ಲ. ಕೆಟ್ಟ ಹಣ ಒಳ್ಳೆಯ ಹಣವನ್ನು ಚಲಾವಣೆಯಿಂದ ಓಡಿಸುತ್ತದೆ. ಜನ ಹಳೆಯ ನಾಣ್ಯಗಳನ್ನು ಮನೆಯಲ್ಲಿ ಅಡಗಿಸಿಟ್ಟು ಹೊಸದನ್ನು ಬೇರೆಯವರ ಕೈಗೆ ದಾಟಿಸಿದರು. ಕಳ್ಳ ನಾಣ್ಯಗಳೂ ಹುಟ್ಟಿಕೊಂಡವು. ಅಕ್ಕಿಯ ಬೆಲೆ ಹಲವು ಪಟ್ಟು ಏರಿತು. 1868ರಲ್ಲಿ ಆ ನಾಣ್ಯವನ್ನೇ ರದ್ದು ಮಾಡಬೇಕಾಯಿತು. ಅದೇ ವರ್ಷ ರಾಜ ಹೊಸ ಅರಮನೆಗೆ ಬಂದು ಸೇರಿದ. ಹೈಸ್ಕೂಲಿನಲ್ಲಿ ಓದಿದ ಮುಹಮ್ಮದ್ ಬಿನ್ ತುಘಲಕ್‌ನ ತಾಮ್ರದ ನಾಣ್ಯಗಳು ನನಗೆ ನೆನಪಾದವು. ಐದು ನೂರು ವರ್ಷಗಳ ಅಂತರದಲ್ಲಿ ಎರಡು ದೇಶಗಳಲ್ಲಿ ಒಂದೇ ಪಾಠ. ನಾಣ್ಯದ ಮೇಲೆ ಎಷ್ಟು ಬೇಕಾದರೂ ಬರೆಯಬಹುದು, ಜನ ನಂಬಿದಷ್ಟೇ ಅದರ ಬೆಲೆ.

ಕೊಳದ ನಡುವೆ 48 ಕಲ್ಲಿನ ಕಂಬಗಳ ಮೇಲೆ ನಿಂತಿರುವ ಗ್ಯೊಂಗ್‌ಹ್ವೇರು ಎಂಬ ಮಂಟಪವನ್ನು ನೋಡುತ್ತಾ ನಾನು ಈ ನಾಣ್ಯದ ಕಥೆಯನ್ನು ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. ನೀರಿನಲ್ಲಿ ಅದರ ನೆರಳು ನಿಜಕ್ಕೂ ಸುಂದರವಾಗಿತ್ತು. ಅಮ್ಮಿ, "ಹಾಗಾದರೆ ಇದು ಅಕ್ಕಿ ಕೊಳ್ಳಲಾಗದವರ ದುಡ್ಡಿನ ಮಹಲು" ಎಂದರು. ತಿಂಗಳ ಕೊನೆಯಲ್ಲಿ ಅಕ್ಕಿಯ ಡಬ್ಬಿ ಅಲ್ಲಾಡಿಸಿ ನೋಡಿ ಮನೆ ನಡೆಸಿದವರು ಅವರು. ಗ್ರೆಶಮ್ ನಿಯಮ ಅವರಿಗೆ ನನಗಿಂತ ಬೇಗ ಅರ್ಥವಾಯಿತು.

ಇಷ್ಟೆಲ್ಲ ಖರ್ಚು ಮಾಡಿ ಕಟ್ಟಿದ್ದು ಎಷ್ಟು ದಿನ ಉಳಿಯಿತು? 1895ರಲ್ಲಿ ಇದೇ ಅರಮನೆಯೊಳಗೆ ರಾಣಿಯನ್ನು ಜಪಾನೀಯರು ಕೊಂದರು. ಮರುವರ್ಷ ರಾಜ ಇಲ್ಲಿಂದ ತಪ್ಪಿಸಿಕೊಂಡು ರಷ್ಯಾದ ರಾಯಭಾರ ಕಚೇರಿ ಸೇರಿದ. 1910ರಲ್ಲಿ ದೇಶವೇ ಜಪಾನಿನ ವಶವಾಯಿತು. ಅರಮನೆಯ ಹೆಚ್ಚಿನ ಕಟ್ಟಡಗಳನ್ನು ಕೆಡವಿದರು. 1915ರಲ್ಲಿ ಅಂಗಳದಲ್ಲಿ ವಸ್ತುಪ್ರದರ್ಶನ ನಡೆಸಿದರು. 1926ರ ಹೊತ್ತಿಗೆ ಸಿಂಹಾಸನದ ಸಭಾಂಗಣವನ್ನು ಮರೆಮಾಡುವಂತೆ ಎದುರಿಗೇ ತಮ್ಮ ಸರ್ಕಾರಿ ಕಟ್ಟಡ ಎಬ್ಬಿಸಿದರು. ಸ್ವತಂತ್ರವಾಗಿ 50 ವರ್ಷ ತುಂಬಿದ ದಿನ, 1995ರ ಆಗಸ್ಟ್ 15ರಂದು, ಕೊರಿಯನ್ನರು ಅದನ್ನು ಕೆಡವಲು ಆರಂಭಿಸಿದರು. ಆಗಸ್ಟ್ 15 ನಮ್ಮ ಹಾಗೆ ಅವರಿಗೂ ಬಿಡುಗಡೆಯ ದಿನ. 1990ರಿಂದ ಒಂದೊಂದೇ ಕಟ್ಟಡವನ್ನು ಮತ್ತೆ ಕಟ್ಟುತ್ತಾ ಬಂದಿದ್ದಾರೆ. ಮುಖ್ಯ ಬಾಗಿಲನ್ನು ಮರದಲ್ಲಿ ಮತ್ತೆ ಕಟ್ಟಿ ಮುಗಿಸಿದ್ದು 2010ರಲ್ಲಿ.

ಖರ್ಚಿನ ಪುಟ ಇಲ್ಲಿಗೆ ಸಾಕು. ಜಮಾ ಪುಟದಲ್ಲಿ ಏನಿದೆ?

ಕೊಳದ ಹತ್ತಿರವೇ ಸುಜೊಂಗ್‌ಜೊನ್ ಎಂಬ ಕಟ್ಟಡವಿದೆ. ಸೆಜೊಂಗ್ ರಾಜನ ಕಾಲದಲ್ಲಿ ವಿದ್ವಾಂಸರ ಸಭೆ ಇದ್ದ ಜಾಗ ಅದು. ಸೆಜೊಂಗ್ 1418ರಿಂದ 1450ರವರೆಗೆ ಆಳಿದ. ಮುಸ್ಲಿಮರ ಉಡುಪಿನ ಆಜ್ಞೆಗೆ ಒಪ್ಪಿಗೆ ಕೊಟ್ಟವನೂ ಇವನೇ. ಆದರೆ ಇವನೇ ಮಾಡಿದ ಇನ್ನೊಂದು ಕೆಲಸವಿದೆ. ಆಗ ಕೊರಿಯಾದಲ್ಲಿ ಬರೆಯಬೇಕೆಂದರೆ ಚೀನೀ ಲಿಪಿ ಕಲಿಯಬೇಕು. ಸಾವಿರಾರು ಅಕ್ಷರಗಳು. ದುಡಿದು ತಿನ್ನುವವನಿಗೆ ಅದಕ್ಕೆ ಸಮಯವಿಲ್ಲ. ತನ್ನ ಮೇಲೆ ಅನ್ಯಾಯವಾದರೂ ಅದನ್ನು ಬರೆದುಕೊಡಲು ಅವನಿಗೆ ಬರುವುದಿಲ್ಲ. ಹೀಗಾಗಿ ಸೆಜೊಂಗ್ 1443ರಲ್ಲಿ 28 ಅಕ್ಷರಗಳ ಹೊಸ ಲಿಪಿ ರೂಪಿಸಿ 1446ರಲ್ಲಿ ಜನರಿಗೆ ಕೊಟ್ಟ. ಅದೇ ಇಂದಿನ ಹಂಗುಲ್. ಈಗ 24 ಅಕ್ಷರಗಳಿವೆ. 'ಮ' ಅಕ್ಷರ ಬಾಯಿಯ ಆಕಾರ, 'ನ' ಅಕ್ಷರ ನಾಲಿಗೆ ಮೇಲೆದ್ದು ತಾಗುವ ಆಕಾರ. 'ಕ'ಕ್ಕೆ ಒಂದು ಗೆರೆ ಸೇರಿಸಿದರೆ 'ಖ'. ಕಂಠ್ಯ, ತಾಲವ್ಯ, ದಂತ್ಯ ಎಂದು ನಾವು ಕನ್ನಡ ವ್ಯಾಕರಣದಲ್ಲಿ ಕಲಿಯುವುದನ್ನು ಅವರು ಅಕ್ಷರದ ಆಕಾರದಲ್ಲೇ ಬರೆದಿಟ್ಟಿದ್ದಾರೆ.

ಇದನ್ನು ಎಲ್ಲರೂ ಒಪ್ಪಲಿಲ್ಲ. ಚೀನೀ ಲಿಪಿ ಬಿಟ್ಟು ಬೇರೆ ಲಿಪಿ ಮಾಡಿಕೊಳ್ಳುವುದು ಅನಾಗರಿಕರ ಕೆಲಸ ಎಂದು ಚ್ವೆ ಮಾಲ್ಲಿ ಎಂಬ ಹಿರಿಯ ವಿದ್ವಾಂಸ 1444ರಲ್ಲಿ ರಾಜನಿಗೇ ವಿರೋಧ ಬರೆದುಕೊಟ್ಟ. ಮುಂದೆಯೂ ದೊಡ್ಡವರು ಅದನ್ನು ಹೆಂಗಸರ ಲಿಪಿ ಎಂದು ಹೀಗಳೆದರು. ಹೆಂಗಸರು ಬೈಗುಳವನ್ನು ಲೆಕ್ಕಿಸದೆ ಅದರಲ್ಲೇ ಪತ್ರ ಬರೆದರು, ಕಥೆ ಓದಿದರು. ಕಡೆಗೆ 1894ರಲ್ಲಿ ಸರ್ಕಾರಿ ಕಾಗದಗಳಿಗೂ ಆ ಲಿಪಿ ಬಂತು. 448 ವರ್ಷ ಬೇಕಾಯಿತು! ಅಂಗಳದಲ್ಲಿ ಹೆಂಗಸರಿಗೆ ಕಲ್ಲಿರಲಿಲ್ಲ. ಆದರೆ ಅರಮನೆಯಿಂದ ಹೊರಗೆ ಬಂದ ಅತ್ಯಂತ ಬೆಲೆಬಾಳುವ ವಸ್ತುವನ್ನು ಜೋಪಾನ ಮಾಡಿದವರಲ್ಲಿ ಅವರೇ ಮುಂದು.

ಹೊರಡುವಾಗ ಭಾಯಿಜಾನ್ ನೀರಿನ ಬಾಟಲಿ ಕೊಳ್ಳಲು 10,000 ವೋನ್ ನೋಟು ತೆಗೆದರು. ಅದರ ಮೇಲೆ ಸೆಜೊಂಗ್, ಹಿಂದೆ ಸಿಂಹಾಸನದ ಆ ಸೂರ್ಯ-ಚಂದ್ರರ ಚಿತ್ರ. ಕಾಗದಕ್ಕೆ ಬೆಲೆಯಿಲ್ಲ, ಬೆಲೆಯಿರುವುದು ನಂಬಿಕೆಗೆ. ದೇವೊನ್‌ಗುನ್‌ನ ಭಾರವಾದ ನಾಣ್ಯಕ್ಕೆ ಅದೇ ಸಿಗಲಿಲ್ಲ. ಜನರಿಂದ ಕಿತ್ತುಕೊಂಡು ಮಾಡಿದ್ದು ಎರಡು ವರ್ಷಕ್ಕೆ ಸವಕಲಾಯಿತು, ಜನರಿಗೆ ಕೊಟ್ಟದ್ದು ಆರು ಶತಮಾನಕ್ಕೆ ಹತ್ತಿರವಾದರೂ ದಿನಾ ಬಳಕೆಯಲ್ಲಿದೆ. ನನ್ನ ಲೆಕ್ಕದಲ್ಲಿ ಆ ಅರಮನೆಯ ಉಳಿತಾಯ ಇದು.

ಅಂದು ಅಸರ್ ನಮಾಜನ್ನು ಇಟೆವಾನ್‌ನ ಗುಡ್ಡದ ಮೇಲಿರುವ, 1976ರಲ್ಲಿ ತೆರೆದ ಸೋಲ್ ಕೇಂದ್ರ ಮಸೀದಿಯಲ್ಲಿ ಮಾಡಿದೆವು. ಮರಳುವಾಗ ರೈಲಿನಲ್ಲಿ ಅಮ್ಮಿ ನಿಲ್ದಾಣಗಳ ಹೆಸರು ಓದುತ್ತಾ ಬಂದರು. ಮಧ್ಯೆ ಒಮ್ಮೆ ನನ್ನ ಕಡೆ ತಿರುಗಿ, "ಎರಡು ತಿಂಗಳು ಇರುವ ಊರಿನ ಅಕ್ಷರ ಕಲಿತೆ. ನಲವತ್ತೆಂಟು ವರ್ಷದಿಂದ ಇರುವ ಊರಿನದು ಬರುವುದಿಲ್ಲವಲ್ಲ. ಕನ್ನಡ ಕಲಿಸುತ್ತೀಯಾ?" ಎಂದರು.

ಬಂದ ಮೇಲೆ ದಿನಾ ಇಶಾ ನಮಾಜಿನ ನಂತರ ಅರ್ಧ ಗಂಟೆ ನಮ್ಮ ಪಾಠ. ಹಂಗುಲ್‌ನಲ್ಲಿ ವ್ಯಂಜನ ಮತ್ತು ಸ್ವರ ಸೇರಿ ಒಂದೇ ಗುಂಪಾಗಿ ನಿಲ್ಲುತ್ತವೆ. ನಮ್ಮ ಕಾಗುಣಿತವೂ ಹಾಗೆಯೇ ಆದ್ದರಿಂದ ಅಮ್ಮಿಗೆ ಅದು ಬೇಗ ಹಿಡಿಸಿತು. ಗುಣಿತದ ಚಿಹ್ನೆಗಳನ್ನು ಅವರು "ಕನ್ನಡದ ಜಬರ್, ಜೇರ್, ಪೇಶ್" ಎನ್ನುತ್ತಾರೆ. ಒತ್ತಕ್ಷರ ಬಂದಾಗ ಮಾತ್ರ ಕೋಪ. "ಸೆಜೊಂಗ್ ಬಾದಶಾಹ್ ಇದ್ದಿದ್ದರೆ ಇದನ್ನು ಸಸಾರ ಮಾಡುತ್ತಿದ್ದ" ಎನ್ನುತ್ತಾರೆ. ಹೋದ ವಾರ ಇಂಡಿಯಲ್ಲಿರುವ ಖಾಲಾ ಮನೆಗೆ ಒಬ್ಬರೇ ಹೋದರು. ಬೋರ್ಡನ್ನು ತಾವೇ ಓದಿ ಬಸ್ ಹತ್ತಿದರು. 'ಇಂಡಿ'ಯಲ್ಲಿ ಒತ್ತಕ್ಷರ ಇಲ್ಲ, ಅಲ್‌ಹಮ್ದುಲಿಲ್ಲಾಹ್.

ನಮ್ಮ ಕಾಲೇಜಿನಲ್ಲಿ ಉರ್ದು ಮನೆಮಾತಿನವರು ಬಹಳ ಮಂದಿ ಇದ್ದೇವೆ. ನಾವು ಕನ್ನಡದಲ್ಲಿ ಪರೀಕ್ಷೆ ಬರೆಯುತ್ತೇವೆ, ಅಂಕ ಪಡೆಯುತ್ತೇವೆ. ನಮ್ಮ ಅಮ್ಮಿ, ದಾದಿ, ನಾನಿಯರು ರೇಷನ್ ಅಂಗಡಿಯ ಚೀಟಿಯನ್ನೋ ಆಸ್ಪತ್ರೆಯ ಫಲಕವನ್ನೋ ಯಾರಿಂದಲಾದರೂ ಓದಿಸಿಕೊಳ್ಳುತ್ತಾರೆ. ಅವರಿಗೆ ಕಲಿಸಲು ಬೇಕಾದ ಬಂಡವಾಳ ಒಂದು ಸ್ಲೇಟು, ಒಂದು ಬಳಪ, ದಿನಕ್ಕೆ ಅರ್ಧ ಗಂಟೆ. ಮುಂದಿನ ತಿಂಗಳು ಅಮ್ಮಿ ಈ ಸಂಚಿಕೆಯನ್ನು ತಾವೇ ಓದುವುದಾಗಿ ಹೇಳಿದ್ದಾರೆ. ನಾನು ಅವರ ಬಗ್ಗೆ ಏನೇನು ಬರೆದಿದ್ದೇನೆ ಎಂದು ಆಗ ಅವರಿಗೆ ಗೊತ್ತಾಗುತ್ತದೆ, ಇನ್ಶಾ ಅಲ್ಲಾಹ್.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ